ಶುಕ್ರವಾರ ಆಗಲ್ಲ ಅಂತ ಮಂಗಳವಾರವೇ ಗೊತ್ತು. ಆದ್ರೂ ಟೈಮ್ ಕೇಳೋಕೆ ಬಾಯಿ ಯಾಕೆ ಬರಲ್ಲ?

ಅಘನಾಶಿನಿ_ದಂಡೆ
ಶಿರಸಿ, ಸಿದ್ದಾಪುರ, ಕುಮಟಾ ಕಡೆ ಮನೇಲೇ ಕೂತು ಬೆಂಗಳೂರಿನ ಕೆಲಸ ಮಾಡೋರು ಈಗ ಊರಿಗೆ ನಾಲ್ಕು ಜನ ಸಿಗ್ತಾರೆ. ಅನುವಾದ, ಡಿಟಿಪಿ, ಲೆಕ್ಕಪತ್ರ, ಸಾಫ್ಟ್‌ವೇರ್ ಟೆಸ್ಟಿಂಗ್, ಹೀಗೆ. ಎಲ್ಲರದ್ದೂ ಒಂದೇ ಕತೆ. ಶುಕ್ರವಾರ ಕೊಡಬೇಕಾದ್ದು ಶುಕ್ರವಾರಕ್ಕೆ ಆಗಲ್ಲ ಅಂತ ಮಂಗಳವಾರವೇ ಗೊತ್ತಾಗಿರುತ್ತೆ. ಬುಧವಾರ ಬಾಯಿ ಬಿಡಲ್ಲ. ಗುರುವಾರ ಅತ್ತಲಿಂದ ಕೇಳಿದ್ರೆ 'ಆಗ್ತಾ ಇದೆ ಸರ್'. ಶುಕ್ರವಾರ ರಾತ್ರಿ ಹನ್ನೊಂದಕ್ಕೆ 'ಇಲ್ಲಿ ಭಯಂಕರ ಮಳೆ ಸರ್, ಕರೆಂಟಿಲ್ಲ'.

ಇದನ್ನ ಸೋಮಾರಿತನ ಅನ್ನೋಕೆ ಆಗಲ್ಲ, ಯಾಕಂದ್ರೆ ಆ ನಾಲ್ಕೂ ದಿನ ನಿದ್ದೆ ಬಿಟ್ಟು ಕೆಲಸ ಮಾಡಿರ್ತಾರೆ. ಹಾಗಾದ್ರೆ ಎಂತದು ಇದು? ಕೇಳೋದೇ ಆದ್ರೆ ಯಾವಾಗ, ಯಾರ ಹತ್ರ, ಎಷ್ಟು ದಿನ ಕೇಳಬೇಕು? ಗೊತ್ತಿದ್ದವರು ಹೇಳಿ.

ಕೊಟ್ಟೆ_ಕಟ್ಟು
ಕೇಳುಲೆ ಬಾಯಿ ಬರ್ತಿಲ್ಲೆ ಹೇಳುದೇ ದೊಡ್ಡ ರೋಗ. ಔಷಧಿ ಇಲ್ಲೆ.

ಮನೋ_ಮಡಿಕೆ
ಔಷಧಿ ಇದೆ ಮಾರಾಯ್ರೆ. ಮೊದಲು ರೋಗ ಯಾವುದು ಅಂತ ನೋಡೋಣ. ಇಲ್ಲಿ ಮೂರು ಸಂಗತಿ ಒಟ್ಟಿಗೆ ಕೆಲಸ ಮಾಡ್ತವೆ.

ಒಂದು, ಇವತ್ತಿನ ನಾಚಿಕೆ ಖಾತ್ರಿ, ಶುಕ್ರವಾರದ ಬೈಗುಳ ಬರೀ ಸಂಭವ. ಇವತ್ತೇ ಫೋನ್ ಮಾಡಿದ್ರೆ ಮರ್ಯಾದೆ ಈಗಲೇ ಹೋಗುತ್ತೆ. ಸುಮ್ಮನಿದ್ರೆ 'ಹೇಗಾದ್ರೂ ಆಗಿಬಿಡಬಹುದು' ಅನ್ನೋ ಎಳೆ ಉಳಿದಿರುತ್ತೆ. ಖಾತ್ರಿ ಇರೋ ಸಣ್ಣ ನಷ್ಟ ತಪ್ಪಿಸಿಕೊಳ್ಳೋಕೆ ಮನುಷ್ಯ ದೊಡ್ಡ ನಷ್ಟದ ಜೂಜು ಆಡ್ತಾನೆ. ಇದನ್ನ ಲೆಕ್ಕ ಹಾಕಿ ತೋರಿಸಿದವರು ಮನಃಶಾಸ್ತ್ರಜ್ಞರಾದ ಕಾನ್‌ಮನ್ ಮತ್ತು ಟ್ವೆರ್ಸ್ಕಿ, 1979ರಲ್ಲಿ.

ಎರಡು, ಆ 'ಆಗಿಬಿಡಬಹುದು' ಅನ್ನೋದೇ ಸುಳ್ಳು. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋ ಮೂವರು ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಕೇಳಿದ್ರು, ಯಾವಾಗ ಮುಗಿಸ್ತೀರಿ ಅಂತ. ಸರಾಸರಿ ಉತ್ತರ ಸುಮಾರು 34 ದಿನ. 'ಎಲ್ಲಾ ಕೆಟ್ಟು ಹೋದ್ರೆ?' ಅಂದಿದ್ದಕ್ಕೆ ಸುಮಾರು 49 ದಿನ. ನಿಜವಾಗಿ ತಗೊಂಡಿದ್ದು 55ರ ಮೇಲೆ. ಅಂದ್ರೆ ಕೆಟ್ಟ ಗಳಿಗೆ ಅಂತ ಅವರು ಊಹಿಸಿದ್ದಕ್ಕಿಂತ ಮಾಮೂಲಿ ಗಳಿಗೆಯೇ ಕೆಟ್ಟದಾಗಿತ್ತು.

ಮೂರು, ಎದುರಿನವರು 'ಇಲ್ಲ' ಅಂತಾರೆ ಅನ್ನೋ ನಮ್ಮ ಅಂದಾಜು ಬಹಳ ಜಾಸ್ತಿ. ಫ್ಲಿನ್ ಮತ್ತು ಲೇಕ್ 2008ರಲ್ಲಿ ಮಾಡಿದ ಪ್ರಯೋಗದಲ್ಲಿ ಐದು ಜನರಿಂದ ಒಂದು ಪ್ರಶ್ನಾವಳಿ ತುಂಬಿಸೋಕೆ 20 ಜನರನ್ನಾದ್ರೂ ಕೇಳಬೇಕಾಗುತ್ತೆ ಅಂತ ಕೇಳೋಕೆ ಹೊರಟವರು ಅಂದುಕೊಂಡಿದ್ರು. 10 ಜನರಿಗೇ ಮುಗೀತು.

ಬೈತಖೋಲ್_ಬಂದರು
ಮೂರನೇದಕ್ಕೆ ತಿದ್ದುಪಡಿ. ಆ ಪ್ರಯೋಗ ನಡೆದಿದ್ದು ಎದುರಾಎದುರು ನಿಂತು ಕೇಳಿದಾಗ. ಇಮೇಲ್‌ನಲ್ಲಿ ಅದೇ ಲೆಕ್ಕ ತಲೆಕೆಳಗು. ರೋಘನಿಜಾದ್ ಮತ್ತು ಬೋನ್ಸ್ 2017ರಲ್ಲಿ ತೋರಿಸಿದ್ರು, ಮುಖ ನೋಡಿ ಕೇಳೋದು ಇಮೇಲಿಗಿಂತ 34 ಪಟ್ಟು ಫಲ ಕೊಡುತ್ತೆ ಅಂತ. ಈ ಬೋನ್ಸ್ ಬೇರೆ ಯಾರೂ ಅಲ್ಲ, 2008ರ ಲೇಕ್ ಅವರೇ. ಅವು ಅಪರಿಚಿತರ ಹತ್ರ ಕೇಳಿದ ಪ್ರಯೋಗಗಳು, ಮ್ಯಾನೇಜರ್ ಅಪರಿಚಿತ ಅಲ್ಲ ಅನ್ನೋದು ಬೇರೆ ಮಾತು. ಆದ್ರೂ ಕ್ರಮ ಇದೇ: ಮೊದಲು ಫೋನ್, ಅದು ಮುಗಿದು ಹತ್ತು ನಿಮಿಷದೊಳಗೆ ಎರಡು ಸಾಲಿನ ಇಮೇಲ್, 'ಮಾತಾಡಿದಂತೆ ಹೊಸ ದಿನ ಬುಧವಾರ 14'. ಫೋನ್ ಒಪ್ಪಿಸೋಕೆ, ಇಮೇಲ್ ದಾಖಲೆಗೆ. ಇಮೇಲ್ ಒಂದೇ ಕಳಿಸಿ ಉತ್ತರಕ್ಕೆ ಕಾದು ಕೂತ್ರೆ ಇನ್ನೊಂದು ದಿನ ಹೋಯ್ತು.

ಸುಮ್ನೆ_ಓದೋರು
ಇಷ್ಟೆಲ್ಲ ಬರೆಯೋ ಹೊತ್ತಿಗೆ ಕೆಲಸ ಮುಗೀತಿತ್ತು 😀

ಗುಡ್ಡೆಹಳ್ಳಿ_ಗಾಳಿ
ನೆಪ ಎಂತದಾದ್ರೂ ಪರವಾಗಿಲ್ಲ, 'ಯಾಕಂದ್ರೆ' ಅನ್ನೋ ಶಬ್ದ ಇದ್ರೆ ಸಾಕು, ಜನ ಒಪ್ತಾರೆ ಅಂತ ಒಂದು ಪ್ರಯೋಗ ಇದ್ಯಲ್ಲ? ಜೆರಾಕ್ಸ್ ಮಶೀನಿಂದು. ಹಾಗಾದ್ರೆ ಮಳೆ, ಕರೆಂಟು ಅಂದ್ರೆ ತಪ್ಪೇನು?

ಮನೋ_ಮಡಿಕೆ
ಆ ಪ್ರಯೋಗದ ಅರ್ಧ ಭಾಗ ಮಾತ್ರ ಎಲ್ಲ ಕಡೆ ಓಡಾಡ್ತಾ ಇದೆ. ಎಲೆನ್ ಲ್ಯಾಂಗರ್, 1978. ಸಾಲಿನಲ್ಲಿ ನಿಂತವರ ಹತ್ರ '5 ಹಾಳೆ ಇದೆ, ಮೊದಲು ತಗೊಳ್ಲಾ?' ಅಂದ್ರೆ 60% ಜನ ಬಿಟ್ರು. 'ಯಾಕಂದ್ರೆ ನಂಗೆ ಕಾಪಿ ತಗೋಬೇಕು' ಅನ್ನೋ ಪೊಳ್ಳು ಕಾರಣಕ್ಕೆ 93%. 'ಅವಸರ ಇದೆ' ಅನ್ನೋ ನಿಜ ಕಾರಣಕ್ಕೆ 94%. ಇಲ್ಲಿವರೆಗೆ ಎಲ್ಲರಿಗೂ ಗೊತ್ತು. ಹಾಳೆ 20 ಆದಾಗ ಏನಾಯ್ತು? ಕಾರಣ ಇಲ್ಲದೆ 24%, ಪೊಳ್ಳು ಕಾರಣಕ್ಕೂ ಅದೇ 24%, ನಿಜ ಕಾರಣಕ್ಕೆ 42%. ಕೇಳೋದು ದೊಡ್ಡದಾದಷ್ಟೂ ನೆಪಕ್ಕೆ ಬೆಲೆ ಇಲ್ಲ. ಅರ್ಧ ದಿನ ಕೇಳೋಕೆ ಏನು ಹೇಳಿದ್ರೂ ನಡೆಯುತ್ತೆ. ಒಂದು ವಾರ ಕೇಳೋಕೆ ನಡೆಯಲ್ಲ.

ಬೈತಖೋಲ್_ಬಂದರು
ಅದಲ್ದೆ, ಮಳೆ ಮತ್ತು ಕರೆಂಟು ನಮ್ಮ ಜಿಲ್ಲೆಯಲ್ಲಿ ನಿಜವಾದ ಕಾರಣವೇ. ಮರ ಬೀಳುತ್ತೆ, ಲೈನ್ ಹೋಗುತ್ತೆ, ಘಟ್ಟದ ಮೇಲೆ ಟವರಿನ ಬ್ಯಾಟರಿ ಮುಗಿದ್ರೆ ನೆಟ್‌ವರ್ಕೂ ಹೋಗುತ್ತೆ. ಆದ್ರೆ ಅದನ್ನ ಸುಳ್ಳಿಗೂ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಬೆಂಗಳೂರಲ್ಲಿ ಕೂತವನಿಗೆ ಎರಡೂ ಒಂದೇ ಥರ ಕೇಳ್ಸುತ್ತೆ. ಮತ್ತೆ ಮಳೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬರುತ್ತೆ ಅನ್ನೋದು ಆಕಸ್ಮಿಕ ಅಲ್ವಲ್ಲ. ಆ ನಾಲ್ಕು ತಿಂಗಳು ಕೆಲಸ ಒಪ್ಪುವಾಗಲೇ ವಾರಕ್ಕೆ ಒಂದು ದಿನ ಕರೆಂಟಿಗೆ ಅಂತ ಬಿಟ್ಟು ದಿನ ಹೇಳಬೇಕು. ಹಾಗೆ ಹೇಳಿದವರ ಮಾತನ್ನ ಆಮೇಲೆ ನಂಬ್ತಾರೆ.

ವಾಯಿದೆ_ವಕೀಲ
ಟೈಮ್ ಕೇಳೋ ಕಲೆಯಲ್ಲಿ ನಮ್ಮ ಕೋರ್ಟಿನವರನ್ನ ಯಾರೂ ಮೀರಲ್ಲ, ಆ ಕೆಲಸಕ್ಕೆ ನಮ್ಮಲ್ಲಿ 'ವಾಯಿದೆ' ಅಂತ ಪ್ರತ್ಯೇಕ ಶಬ್ದವೇ ಇದೆ. ಆದ್ರೆ ಅಲ್ಲೂ ಮಿತಿ ಬರೆದಿಟ್ಟಿದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 17ರ ಪ್ರಕಾರ ಒಬ್ಬ ಪಕ್ಷಕಾರನಿಗೆ ವಿಚಾರಣೆ ಹಂತದಲ್ಲಿ ಮೂರಕ್ಕಿಂತ ಹೆಚ್ಚು ವಾಯಿದೆ ಇಲ್ಲ. ಪ್ರತಿವಾದಿಯ ಲಿಖಿತ ಹೇಳಿಕೆಗೆ 30 ದಿನ, ಕಾರಣ ದಾಖಲಿಸಿ 90 ದಿನದವರೆಗೆ. ಆಚರಣೆಯಲ್ಲಿ ಹೇಗೆ ನಡೆಯುತ್ತೆ ಅಂತ ಕೇಳಬೇಡಿ.

ಒಪ್ಪಂದದ ಕೆಲಸ ಮಾಡೋರು ನೆನಪಿಡಬೇಕಾದ್ದು 1872ರ ಕರಾರು ಕಾಯ್ದೆಯ ಎರಡು ಕಲಮು. ಕಲಂ 63: ಕೆಲಸ ಮಾಡಿಸಿಕೊಳ್ಳೋನು ಅವಧಿ ವಿಸ್ತರಿಸಬಹುದು. ಮಾಡೋನು ತಾನೇ ವಿಸ್ತರಿಸಿಕೊಳ್ಳೋ ಹಾಗಿಲ್ಲ. 'ನಾನು ಮೆಸೇಜ್ ಹಾಕಿದ್ದೆ, ಅವರು ಏನೂ ಹೇಳಿಲ್ಲ, ಅಂದ್ರೆ ಒಪ್ಪಿದಾರೆ' ಅನ್ನೋ ತರ್ಕವನ್ನ ನೆಚ್ಚಿ ಕೂರಬೇಡಿ. ಕಲಂ 55: ಸಮಯವೇ ಮುಖ್ಯ ಅಂತ ಇದ್ದ ಕರಾರಿನಲ್ಲೂ ತಡವಾಗಿ ಬಂದ ಕೆಲಸವನ್ನ ಸ್ವೀಕರಿಸಿದ್ರೆ, ಆ ಹೊತ್ತಿಗೆ 'ನಷ್ಟ ಕೇಳ್ತೇನೆ' ಅಂತ ನೋಟಿಸು ಕೊಡದೇ ಇದ್ರೆ, ಆಮೇಲೆ ತಡಕ್ಕೆ ಪರಿಹಾರ ಕೇಳೋಕೆ ಬರಲ್ಲ. ಇದು ಎರಡೂ ಕಡೆಯವರಿಗೆ ಉಪಯೋಗದ ಮಾತು.

ಚಿರೇಕಲ್ಲು
ಕಟ್ಟಡದ ಕಾಂಟ್ರಾಕ್ಟಿನಲ್ಲಿ ಇದಕ್ಕೆ ಪುಸ್ತಕವೇ ಇರುತ್ತೆ. ಅಡಚಣೆ ರಿಜಿಸ್ಟರ್. ಕಾಲಂ ಹೀಗೆ: ಅಡಚಣೆ ಏನು, ಯಾವತ್ತು ಶುರು, ಯಾವತ್ತು ಮುಗೀತು, ಎಷ್ಟು ದಿನ, ಅದರಲ್ಲಿ ಇನ್ನೊಂದು ಅಡಚಣೆ ಜೊತೆ ಮೇಲೆ ಮೇಲೆ ಬಿದ್ದ ದಿನ ಎಷ್ಟು, ಕಳೆದು ಉಳಿದಿದ್ದೆಷ್ಟು. ಕೊನೆಗೆ ಇಬ್ಬರ ಸಹಿ. ಮಳೆಗೆ ಕಲ್ಲು ಬರದೇ 10 ದಿನ, ಡ್ರಾಯಿಂಗ್ ಬರದೇ 8 ದಿನ ಅಂದ್ರೆ 18 ಆಗಲ್ಲ. ಅದರಲ್ಲಿ 5 ದಿನ ಎರಡೂ ಒಟ್ಟಿಗಿದ್ರೆ ಸಿಗೋದು 13. ಹೆಚ್ಚಿನವರ ಅರ್ಜಿ ಕತ್ತರಿಸಿ ಬರೋದು ಈ ಲೆಕ್ಕದಲ್ಲೇ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನಲ್ಲಿ ಅಡಚಣೆ ಆದ 14 ದಿನದೊಳಗೆ ಅವಧಿ ಕೇಳಬೇಕು ಅಂತಿದೆ. ಕೆಲಸದ ಕೊನೇ ದಿನದವರೆಗೆ ಕಾಯೋಕೆ ಆಸ್ಪದವೇ ಇಲ್ಲ. ಆಫೀಸಿನವರು ಈ ನಿಯಮ ಒಂದನ್ನ ಕದ್ದರೆ ಸಾಕು.

ಅಘನಾಶಿನಿ_ದಂಡೆ
ಇದು ಚಲೋ ಇದೆ. ಅಡಚಣೆ ಆದ ದಿನವೇ ಬರೆದಿಡೋದು. 'ಯಾಕೆ ತಡ' ಅಂತ ಕೇಳಿದಾಗ ನೆನಪಿಂದ ಹೇಳೋಕೆ ಹೋದ್ರೆ ಸತ್ಯವೂ ನೆಪದ ಹಾಗೇ ಕೇಳ್ಸುತ್ತೆ.

ಇಪ್ಪತ್ತನೇ_ತಾರೀಖು
ಎಲ್ಲ ಗಡುವೂ ಕೇಳಿ ಪಡೆಯೋದಲ್ಲ ಅಂತ ಯಾರಾದ್ರೂ ಹೇಳಿ. ತಿಂಗಳ ಜಿಎಸ್‌ಟಿ 3ಬಿ ರಿಟರ್ನ್ 20ಕ್ಕೆ ಅಂದ್ರೆ 20ಕ್ಕೆ. ದಾಟಿದ್ರೆ ದಿನಕ್ಕೆ 50 ರೂಪಾಯಿ, ವ್ಯವಹಾರ ಇಲ್ಲದಿದ್ರೆ 20, ತೆರಿಗೆ ಬಾಕಿಗೆ ವರ್ಷಕ್ಕೆ 18% ಬಡ್ಡಿ. ಅಲ್ಲಿ ಫೋನ್ ಮಾಡೋಕೆ ಯಾರೂ ಕೂತಿಲ್ಲ. ಅಂಥ ದಿನದ ಹಿಂದೆ ನಿಂತಿರೋ ಗಡುವನ್ನ ಮುಂದೂಡಿ ಅಂತ ಕೇಳಿದ್ರೆ ಮೇಲಿನವನು 'ಇಲ್ಲ' ಅನ್ನೋದು ಕೋಪಕ್ಕಲ್ಲ. ಹಾಗಾಗಿ ಮೊದಲ ಪ್ರಶ್ನೆ ಇದು: ಈ ದಿನವನ್ನ ಯಾರು ಇಟ್ಟಿದ್ದು? ಕಾನೂನೋ, ಗಿರಾಕಿಯೋ, ಅಥವಾ ಮ್ಯಾನೇಜರ್ 'ಒಂದು ಶುಕ್ರವಾರಕ್ಕೆ ಅಂತ ಇಟ್ಕೊಳ್ಳೋಣ' ಅಂದಿದ್ದೋ? ಆಫೀಸಿನ ಗಡುವಿನಲ್ಲಿ ಬಹುಪಾಲು ಮೂರನೇ ಜಾತಿಯವು.

ಕೊಟ್ಟೆ_ಕಟ್ಟು
ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋದೂ ಹಾಗೇ. ಮಳೆ ಹಿಡಿಯೋದ್ರೊಳಗೆ ಒಂದು, ಮತ್ತೆ 40–45 ದಿನಕ್ಕೆ ಇನ್ನೊಂದು. ಕೊನೆಗೌಡ (ಮರ ಹತ್ತಿ ಔಷಧಿ ಹೊಡೆಯೋನು) ಬರದಿದ್ರೆ ಮಳೆರಾಯನ ಹತ್ರ ವಾಯಿದೆ ಕೇಳೋಕಾಗ್ತದಾ?

ಗುಡ್ಡೆಹಳ್ಳಿ_ಗಾಳಿ
ವಿಷಯ ಬಂತು ಅಂತ ಕೇಳ್ತೆ, ನೀವು 100 ಲೀಟರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಎಷ್ಟು ಹಾಕ್ತೀರಿ?

ಕೊಟ್ಟೆ_ಕಟ್ಟು
ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು ಒಟ್ಟು 100 ಲೀಟರ್. ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯದು, ತಿರುಗಿಸಿ ಅಲ್ಲ. ಕಬ್ಬಿಣದ ಪಾತ್ರೆ ಬೇಡ. ಕತ್ತಿ ಅಲಗು ಅದ್ದಿ ನೋಡಿ, ಕೆಂಪಗೆ ತಾಮ್ರ ಹಿಡಿದ್ರೆ ಸುಣ್ಣ ಕಡಿಮೆ ಅಂತ ಲೆಕ್ಕ. ಕಲೆಸಿದ್ದು ಅವತ್ತೇ ಖಾಲಿ ಆಗಬೇಕು.

ಸುಮ್ನೆ_ಓದೋರು
ಅಡಿಕೆ ಚರ್ಚೆಗೆ ಬೇರೆ ಜಾಗ ಇದೆ ಹೇಳಿ ನೆನಪು.

ಯಾಣದ_ಅಕ್ಕ
ಹೆಂಗಸರ ಮಾತು ಇನ್ನೂ ಬಂದಿಲ್ಲ. ಆಶ್ಲಿ ವಿಲನ್ಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದರದ್ದೇ. ಗಡುವು ಸಡಿಲಿಸಬಹುದು ಅಂತ ಇದ್ದಾಗಲೂ ಗಂಡಸರಿಗಿಂತ ಹೆಂಗಸರು ಕೇಳೋದು ಕಡಿಮೆ. ಆಸೆ ಇಲ್ಲದೇ ಅಲ್ಲ, ಬೇರೆಯವರಿಗೆ ಹೊರೆಯಾಗ್ತೇನೆ ಅನ್ನೋ ಅಳುಕು ಜಾಸ್ತಿ. ಅದೇ ಸಂಸ್ಥೆಯಲ್ಲಿ 'ಹೀಗೆ ಕೇಳಬಹುದು' ಅಂತ ಲಿಖಿತ ಕ್ರಮ ಇದ್ರೆ ಆ ಅಂತರ ತಗ್ಗಿತ್ತು.

ನಮ್ಮ ಕಡೆ ನೋಡಿ. ಚೌತಿ ಮುಂಚೆ ಚಕ್ಕುಲಿ ಕಂಬಳಕ್ಕೆ (ಎಲ್ಲರೂ ಸೇರಿ ಚಕ್ಕುಲಿ ಮಾಡೋದಕ್ಕೆ) ಮನೆಮನೆಗೆ ಕರೆಯೋಕೆ ಯಾರಿಗೂ ಸಂಕೋಚ ಇಲ್ಲ. ಮುಯ್ಯಾಳು (ಕೆಲಸಕ್ಕೆ ಬದಲು ಕೆಲಸ ಮಾಡೋ ಆಳು) ಕೇಳೋಕೂ ಇಲ್ಲ. ಯಾಕೆ ಅಂದ್ರೆ ತಿರುಗಿ ಹೋಗೋ ಲೆಕ್ಕ ಇಬ್ಬರಿಗೂ ಗೊತ್ತು. ಆಫೀಸಿನಲ್ಲಿ ಆ ಮುಯ್ಯಿ ಕಣ್ಣಿಗೆ ಕಾಣಲ್ಲ, ಅದಕ್ಕೇ ಕೇಳೋದು ಭಿಕ್ಷೆ ಅನ್ಸುತ್ತೆ. ತಂಡ ನಡೆಸೋರು ಗುಂಪಿನ ನಿಯಮದಲ್ಲಿ ಒಂದೇ ಸಾಲು ಸೇರಿಸಿ: 'ಎರಡು ಕೆಲಸದ ದಿನ ಮೊದಲು ಹೇಳಿದ್ರೆ ಒಂದು ಸಲ, ಕಾರಣ ಕೇಳದೆ, ಎರಡು ದಿನ ಸಿಗುತ್ತೆ.' ಹೀಗೆ ಬರೆದಿಟ್ಟ ಮೇಲೆ ಅದು ಬೇಡಿಕೊಳ್ಳೋದಲ್ಲ, ರಜೆ ಚೀಟಿ ಕೊಟ್ಟ ಹಾಗೆ.

ಬೈತಖೋಲ್_ಬಂದರು
ಹಾಗೆ ಮಾಡಿದ್ರೆ ಎಲ್ಲರೂ ಪ್ರತಿ ಸಲ ಆ ಎರಡು ದಿನ ತಗೊಳ್ತಾರೆ ಅಕ್ಕಾ. ಕೆಲಸ ಅನ್ನೋದು ಸಿಕ್ಕಿದ ಸಮಯಕ್ಕೆ ತಕ್ಕ ಹಾಗೆ ಉಬ್ಬಿಕೊಳ್ಳುತ್ತೆ ಅಂತ ಪಾರ್ಕಿನ್‌ಸನ್ 1955ರಲ್ಲೇ ಬರೆದಿದ್ದಾನೆ.

ಯಾಣದ_ಅಕ್ಕ
ಪಾರ್ಕಿನ್‌ಸನ್ ಬರೆದಿದ್ದು ಸರಕಾರಿ ಕಚೇರಿಗಳ ಲೇವಡಿ ತಮಾ, ಪ್ರಯೋಗ ಮಾಡಿದ್ದಲ್ಲ. 'ಒಂದು ಸಲ' ಅಂತ ಬರೆದಿದ್ದೇ ಅದಕ್ಕೆ.

ಮನೋ_ಮಡಿಕೆ
ಇಬ್ಬರದ್ದೂ ಸ್ವಲ್ಪ ಸ್ವಲ್ಪ ಸರಿ. ಶು ಮತ್ತು ಗ್ನೀಜಿ 2010ರಲ್ಲಿ ತಿಂಡಿ ಅಂಗಡಿಯ ಉಡುಗೊರೆ ಚೀಟಿ ಹಂಚಿದ್ರು. 3 ವಾರದ ಅವಧಿ ಇದ್ದವರಲ್ಲಿ 31% ಜನ ಬಳಸಿದ್ರು, 2 ತಿಂಗಳು ಇದ್ದವರಲ್ಲಿ 6%. ಸುಮ್ಮನೆ ಉದ್ದ ಮಾಡಿದ ಅವಧಿ ಮರೆವಿಗೆ ದಾರಿ. ಏರಿಯಲಿ ಮತ್ತು ವರ್ಟನ್‌ಬ್ರಾಕ್ 2002ರಲ್ಲಿ ಮೂರು ಲೇಖನದ ತಪ್ಪು ತಿದ್ದೋ ಕೆಲಸ ಕೊಟ್ಟಾಗ, ವಾರಕ್ಕೊಂದರಂತೆ ಬೇರೆಯವರು ದಿನ ಇಟ್ಟ ಗುಂಪು ಹೆಚ್ಚು ತಪ್ಪು ಹುಡುಕಿತು, ತಾವೇ ದಿನ ಇಟ್ಟುಕೊಂಡವರು ನಡುವೆ, ಮೂರನ್ನೂ ಕೊನೇ ದಿನಕ್ಕೆ ಬಿಟ್ಟವರು ಎಲ್ಲಕ್ಕಿಂತ ಹಿಂದೆ. ಹಾಗಾಗಿ ಎಂಟು ದಿನ ಕೇಳ್ತೀರಿ ಅಂದ್ರೆ ಒಟ್ಟು ಎಂಟು ಅಂತ ಕೇಳಬೇಡಿ. 'ನಾಲ್ಕನೇ ದಿನ ಇಷ್ಟು, ಎಂಟನೇ ದಿನ ಉಳಿದದ್ದು' ಅಂತ ಮುರಿದು ಕೇಳಿ.

ಅಘನಾಶಿನಿ_ದಂಡೆ
ಎಂಟೋ ಮೂರೋ ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ?

ಮೊಳೆ_ಜೋಡಣೆ
ಡಿಟಿಪಿ, ಅನುವಾದದವರಿಗೆ ಸುಲಭ, ಎಣಿಸಬಹುದು. 120 ಪುಟದ ಕೆಲಸ, 4 ದಿನದಲ್ಲಿ 44 ಪುಟ ಆಗಿದೆ ಅಂದ್ಕೊಳ್ಳಿ. ದಿನಕ್ಕೆ 11. ಉಳಿದದ್ದು 76, ಅಂದ್ರೆ 7 ದಿನ. ಮರು ಓದಿಗೆ 1. ಒಟ್ಟು 8. ಇಲ್ಲಿ ಎಲ್ಲರೂ ಮಾಡೋ ತಪ್ಪು ಎರಡು. ಒಂದು, 'ಇನ್ಮೇಲೆ ದಿನಕ್ಕೆ 20 ಮಾಡ್ತೇನೆ' ಅಂದ್ಕೊಂಡು 4 ದಿನ ಅನ್ನೋದು. ಇಲ್ಲಿವರೆಗೆ ಆಗದ ವೇಗ ನಾಳೆಯಿಂದ ಎಲ್ಲಿಂದ ಬರುತ್ತೆ? ಎರಡು, 8 ಅಂತ ಗೊತ್ತಿದ್ರೂ ಕೇಳೋಕೆ ಮರ್ಯಾದೆಯಾಗಿರಲಿ ಅಂತ 3 ಕೇಳೋದು. 3 ಕೊಡ್ತಾರೆ. ನಾಲ್ಕನೇ ದಿನ ಮತ್ತೆ ಕೈ ಒಡ್ಡಬೇಕು. ಮೊದಲ ಸಲ ಕೇಳಿದ್ರೆ ಅಂದಾಜು ತಪ್ಪಿದೆ ಅಂದ್ಕೊಳ್ತಾರೆ, ಎರಡನೇ ಸಲ ಮನುಷ್ಯನೇ ಸರಿ ಇಲ್ಲ ಅಂತಾರೆ.

ಪ್ರೆಸ್ಸಿನವರಿಗೆ ಇನ್ನೊಂದು ಮಾತು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ತಾರೀಖು ಮೊದಲೇ ಗೊತ್ತಾಗಿರುತ್ತೆ. 'ಜಾತ್ರೆ ಬಂತಲ್ಲ ಅದಕ್ಕೆ ತಡ' ಅಂತ ಜಾತ್ರೆ ದಿನ ಹೇಳೋದು ಕಾರಣ ಅಲ್ಲ.

ಇಪ್ಪತ್ತನೇ_ತಾರೀಖು
ಎಣಿಸೋಕೆ ಬಾರದ ಕೆಲಸಕ್ಕೆ? ಲೆಕ್ಕ ತಾಳೆ ಆಗ್ತಿಲ್ಲ ಅಂದ್ರೆ ಒಂದು ಗಂಟೆಗೂ ಸಿಗಬಹುದು, ಮೂರು ದಿನಕ್ಕೂ ಸಿಗದೇ ಇರಬಹುದು.

ಮೊಳೆ_ಜೋಡಣೆ
ಆಗ ಹಿಂದಿನ ಅದೇ ಥರದ ಐದು ಕೆಲಸ ತೆಗೆದು ನೋಡಿ, ಹೇಳಿದ್ದೆಷ್ಟು, ಹಿಡಿದಿದ್ದೆಷ್ಟು ಅಂತ. ಐದರಲ್ಲಿ ಮಧ್ಯದ್ದು ಒಂದೂವರೆ ಪಟ್ಟು ಅಂತ ಬಂದ್ರೆ ಇದಕ್ಕೂ ಒಂದೂವರೆ. ಈ ಸಲದ ಕೆಲಸ ಬೇರೆ ಅನ್ನೋ ಯೋಚನೆ ಬರುತ್ತೆ, ಬಂದೇ ಬರುತ್ತೆ. ಬಿಡಿ ಅದನ್ನ. ದಿನ ಹೇಳೋಕೇ ಬಾರದಿದ್ರೆ 'ಬುಧವಾರ ಸಂಜೆ ದಿನ ಹೇಳ್ತೇನೆ' ಅಂತ ಹೇಳಿ, ಹೇಳಿದ ಹಾಗೆ ಹೇಳಿ.

ದೇವಿಮನೆ_ತಿರುವು
ಎಲ್ಲರೂ ದುಪ್ಪಟ್ಟು ಹೇಳಿ ಶುರು ಮಾಡಿದ್ರೆ ಮುಗೀತಲ್ಲ? 10 ದಿನದ್ದಕ್ಕೆ 20 ಅನ್ನೋದು.

ಚಿರೇಕಲ್ಲು
ಎರಡು ಸಲ ನಡೆಯುತ್ತೆ. ಮೂರನೇ ಸಲ ಮೇಲಿನವನು ನಿಮ್ಮ 20ನ್ನ ಅರ್ಧ ಮಾಡಿ 10 ಅಂತಾನೆ. ಆಮೇಲೆ ನೀವು 40 ಅಂತೀರಿ. ಸಂತೆ ಚೌಕಾಸಿ. ಕಡೆಗೆ ಇಬ್ಬರಿಗೂ ನಿಜವಾದ ಅಂಕಿ ಮರೆತು ಹೋಗಿರುತ್ತೆ. ಗಡುವಿನೊಳಗೆ ಮುಚ್ಚಿಡೋ ಬದಲು ಹೊರಗೆ ತೋರಿಸಿ ಇಡಿ: ಕೆಲಸಕ್ಕೆ 10, ಮಳೆ–ಕರೆಂಟಿಗೆ 3.

ಅಘನಾಶಿನಿ_ದಂಡೆ
ಒಂದು ಒಕ್ಕಣೆ ಬರೆದಿದ್ದೇನೆ, ತಿದ್ದಿ ಕೊಡಿ:

'ನಮಸ್ಕಾರ ಸರ್, ದಯವಿಟ್ಟು ಕ್ಷಮಿಸಿ. ಇಲ್ಲಿ ಸ್ವಲ್ಪ ತೊಂದರೆ ಇರೋದ್ರಿಂದ ಕೆಲಸ ಸ್ವಲ್ಪ ತಡ ಆಗಬಹುದು. ಇನ್ನೂ ಸ್ವಲ್ಪ ಸಮಯ ಕೊಟ್ಟರೆ ಉಪಕಾರ. ಆದಷ್ಟು ಬೇಗ ಕಳಿಸ್ತೇನೆ.'

ಬೈತಖೋಲ್_ಬಂದರು
ಮೂರು ಸಲ 'ಸ್ವಲ್ಪ'. ಒಂದೂ ಅಂಕಿ ಇಲ್ಲ. ಇದನ್ನ ಓದಿದ ಮ್ಯಾನೇಜರ್ ತನ್ನ ಮೇಲಿನವನಿಗೆ ಏನಂತ ಹೇಳ್ಬೇಕು? ಅವನಿಗೂ ಒಬ್ಬ ಇದ್ದಾನೆ ಅನ್ನೋದು ಮರೀಬೇಡಿ. ಹೀಗೆ ಮಾಡಿ:

'ಸರ್, 120ರಲ್ಲಿ 44 ಪುಟ ಆಗಿದೆ. ಈ ವೇಗದಲ್ಲಿ ಶುಕ್ರವಾರ 9ಕ್ಕೆ ಮುಗಿಯಲ್ಲ. ಮೊದಲ 60 ಪುಟ ಶುಕ್ರವಾರ ಮಧ್ಯಾಹ್ನ 3ಕ್ಕೆ ಕಳಿಸ್ತೇನೆ, ಪೂರ್ತಿ ಗುರುವಾರ 15ಕ್ಕೆ. ಕೋಷ್ಟಕಗಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದವು. ನಿಮಗೆ ಯಾವುದಾದ್ರೂ ಅಧ್ಯಾಯ ಮೊದಲು ಬೇಕಿದ್ರೆ ಹೇಳಿ, ಅದನ್ನೇ ಮೊದಲು ಮಾಡ್ತೇನೆ.'

ಆದದ್ದೆಷ್ಟು, ಈಗ ಸಿಗೋದೆಷ್ಟು, ಹೊಸ ದಿನ ಯಾವುದು, ಕಾರಣಕ್ಕೆ ಒಂದು ಸಾಲು. ಕ್ಷಮೆ ಬೇಕಿದ್ರೆ ಒಂದು ಸಲ, ಕೊನೆಗೆ. ಆ ಕಡೇ ವಾಕ್ಯ ಇದ್ಯಲ್ಲ, ಅಕ್ಕ ಹೇಳಿದ ಮುಯ್ಯಿ ಅದೇ.

ಕೊಟ್ಟೆ_ಕಟ್ಟು
ಮಂಗಳವಾರ ಕಳಿಸವು ಇದನ್ನ. ಶುಕ್ರವಾರ ಅಲ್ಲ.

ವಾಯಿದೆ_ವಕೀಲ
ಒಂದು ಬಿಟ್ಟಿರಿ. 'ಶುಕ್ರವಾರ' ಅಂದ್ರೆ ಸಂಜೆ 5ಕ್ಕೋ ರಾತ್ರಿ 12ಕ್ಕೋ? ಅದನ್ನ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಇನ್ನೂ ಒಳ್ಳೇದು, 'ಫೈಲ್ ನೀವು ಯಾವಾಗ ತೆರೀತೀರಿ?' ಅಂತ ಕೇಳೋದು. ಸೋಮವಾರ ಬೆಳಿಗ್ಗೆ 10ಕ್ಕೆ ಅಂತ ಉತ್ತರ ಬಂದ್ರೆ ಶನಿವಾರ, ಭಾನುವಾರ ಎರಡೂ ನಿಮ್ಮ ಕೈಯಲ್ಲಿ. ಅವಧಿ ವಿಸ್ತರಣೆ ಕೇಳೋ ಪ್ರಮೇಯವೇ ಇಲ್ಲ.

ಅಘನಾಶಿನಿ_ದಂಡೆ
ಇದನ್ನ ಮೇಲೇ ಹೇಳಬಾರದಿತ್ತಾ ವಕೀಲ್ರೆ!

ಸುಮ್ನೆ_ಓದೋರು
ಅವರು ವಾಯಿದೆ ತಗೊಂಡಿದ್ರು.